ದ್ರೌಪದಿ ನಕ್ಕಿದ್ದಕ್ಕೆ ನಮ್ಮ ಗುಂಪಿನಲ್ಲಿ ಜಗಳ

ಭಾನುವಾರ ತಿಂಡಿ ಹೊತ್ತಿಗೆ ಚಿಕ್ಕಪ್ಪ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ಕೂದಲು ಬಿಚ್ಚಿಕೊಂಡ ದ್ರೌಪದಿ. ಕೆಳಗೆ ದಪ್ಪ ಅಕ್ಷರ: 'ಒಂದು ಹೆಣ್ಣಿನ ನಗು, 18 ಅಕ್ಷೋಹಿಣಿ ಸೈನ್ಯ ನಾಶ. ಕುರುಡನ ಮಗ ಕುರುಡ ಅಂದಳು, ಕುಲವೇ ಹೋಯಿತು. ನಿಮ್ಮ ಹೆಣ್ಣುಮಕ್ಕಳಿಗೆ ತಪ್ಪದೆ ಕಳಿಸಿ.' ಚಿಕ್ಕಪ್ಪ ಪೂರ್ತಿ ನೋಡಿರಲಿಕ್ಕಿಲ್ಲ. ಕೊನೆಯಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತೂ ಇತ್ತು.

ದೊಡ್ಡಪ್ಪ: ಅಕ್ಷರಶಃ ಸತ್ಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 🙏🙏

ಭಾವ: ಸೋರ್ಸ್?

(ಭಾವ ಅಮೆರಿಕದಲ್ಲಿದ್ದಾರೆ. ಮಗು ಹುಟ್ಟಿದ ಸುದ್ದಿಗೂ ಸೋರ್ಸ್ ಕೇಳುವ ಜಾತಿ.)

ಚಿಕ್ಕಪ್ಪ: ಮಹಾಭಾರತ. ಇನ್ನೇನು ಬೇಕಪ್ಪಾ ನಿಂಗೆ?

ಭಾವ: ಯಾವ ಮಹಾಭಾರತ? ಪಂಪನದ್ದಾದರೆ ದ್ರೌಪದಿಗೆ ಅರ್ಜುನ ಒಬ್ಬನೇ ಗಂಡ. ವ್ಯಾಸರದ್ದಾದರೆ, ಪುಣೆಯ ಭಂಡಾರ್ಕರ್ ಸಂಸ್ಥೆ ಹಳೇ ಪ್ರತಿಗಳನ್ನೆಲ್ಲ ಹೋಲಿಸಿ ತಂದ ಆವೃತ್ತಿ ತೆಗೆದು ನೋಡಿ. ಪಾಂಡವರ ಸಭಾಭವನದಲ್ಲಿ ದುರ್ಯೋಧನ ಕೊಳಕ್ಕೆ ಬಿದ್ದಾಗ ನಕ್ಕಿದ್ದು ಭೀಮ, ಅರ್ಜುನ, ನಕುಲ ಸಹದೇವ, ಆಮೇಲೆ ಆಳುಗಳು. ಅಲ್ಲಿ ದ್ರೌಪದಿಯ ಸುದ್ದಿಯೇ ಇಲ್ಲ. 'ಕುರುಡನ ಮಗ' ಅನ್ನೋ ಮಾತೂ ಇಲ್ಲ.

ಸುಮ್ನಿರಲಾರದೆ ನಾನೂ ಒಂದು ಸಾಲು ಸೇರಿಸಿದೆ. ಹಸ್ತಿನಾಪುರಕ್ಕೆ ವಾಪಸಾಗಿ ಅಪ್ಪನ ಹತ್ತಿರ ದೂರು ಹೇಳುವಾಗ ದುರ್ಯೋಧನನೇ 'ಕೃಷ್ಣ ನಕ್ಕ, ದ್ರೌಪದಿಯೂ ಹೆಂಗಸರ ಜೊತೆ ನಕ್ಕಳು' ಅನ್ನುತ್ತಾನೆ. ಬಿದ್ದವನು ಮನೆಗೆ ಹೋಗುವಷ್ಟರಲ್ಲಿ ನಕ್ಕವರ ಪಟ್ಟಿ ಬೆಳೆದಿದೆ, ಅಷ್ಟೆ. ಇಡೀ ಚರ್ಚೆಯಲ್ಲಿ ಇದು ಸ್ವಲ್ಪ ತೂಕದ ಮಾತು ಅಂತ ನನ್ನ ನಂಬಿಕೆ. ಯಾರೂ ಓದಲಿಲ್ಲ.

ದೊಡ್ಡಪ್ಪ: ಸೀತೆಯನ್ನು ನೋಡಿ ಕಲೀಬೇಕು. ಗೆರೆ ದಾಟಿದ್ದಕ್ಕೆ ಏನಾಯ್ತು?

ಭಾವ: ವಾಲ್ಮೀಕಿ ರಾಮಾಯಣದಲ್ಲಿ ಆ ಗೆರೆ ಇಲ್ಲ.

ದೊಡ್ಡಪ್ಪ: ಅಮೆರಿಕಕ್ಕೆ ಹೋದ ಮೇಲೆ ನಿನಗೆ ಯಾವುದೂ ಇಲ್ಲ ಬಿಡು. ಅಜ್ಜನ ತಿಥಿಗೂ ರಜೆ ಇರಲಿಲ್ಲ.

ಇಲ್ಲಿಗೆ ರಾಮಾಯಣ ಮುಗಿಯಿತು. ತಿಥಿ ಶುರುವಾಯಿತು. ಯಾರು ಬಂದರು, ಯಾರು ದುಡ್ಡು ಕಳಿಸಿ ಕೈ ತೊಳೆದುಕೊಂಡರು, ವಡೆ ಯಾಕೆ ಕಮ್ಮಿ ಬಿತ್ತು. ಅದರ ಮಧ್ಯೆ ಬೆಂಗಳೂರಿನ ಪುಟ್ಟಕ್ಕ ನುಗ್ಗಿದಳು.

ಪುಟ್ಟಕ್ಕ: ಅಯ್ಯೋ, ದ್ರೌಪದಿ ಅಂದ ತಕ್ಷಣ ಕರಗ ನೆನಪಾಯ್ತು! ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿ ಹತ್ತಿರ ಅಜ್ಜಿ ಕೈ ಹಿಡ್ಕೊಂಡು ನಿಲ್ತಿದ್ವಲ್ಲ? ಮೊದಲು ವೀರಕುಮಾರರ ಕತ್ತಿ ಸದ್ದು, ಆಮೇಲೆ ಮಲ್ಲಿಗೆ ಘಮ, ಆಮೇಲೆ ಕರಗ. ಮಸ್ತಾನ್ ದರ್ಗಾಕ್ಕೂ ಹೋಗುತ್ತೆ ಅಲ್ವಾ? ಆ ಬೋಂಡಾ ಅಂಗಡಿ ಈಗಲೂ ಇದೆಯಾ?

ಬೋಂಡಾದ ಮೇಲೆ ಅರ್ಧ ಗಂಟೆ ಹೋಯಿತು. ಅರಿಸಿನ ಬಣ್ಣದ ಸೀರೆ ಉಟ್ಟ ಗಂಡಸು ತಲೆ ಮೇಲೆ ಹೊತ್ತು ತರುವ ಆ ಶಕ್ತಿಯೂ, ಚಿಕ್ಕಪ್ಪನ ಚಿತ್ರದ 'ಮನೆಹಾಳಿ'ಯೂ ಒಬ್ಬಳೇ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅತ್ತೆ ಬಂದರು. ದಿನಾ ರಂಗೋಲಿ ಬಿಟ್ಟು ಬೇರೇನೂ ಹಾಕದ ಅತ್ತೆ.

ಅತ್ತೆ: ನಕ್ಕಳೋ ಬಿಟ್ಟಳೋ, ಜೂಜಾಡಿದ್ದು ಯಾರು? ಸಭೆಗೆ ಕರೆಯೋಕೆ ಬಂದ ದುರ್ಯೋಧನನ ಆಳು ಪ್ರಾತಿಕಾಮಿಯನ್ನೇ ಅವಳು ವಾಪಸು ಅಟ್ಟಿದಳು. ಧರ್ಮರಾಯ ಮೊದಲು ತನ್ನನ್ನು ಸೋತನಾ, ನನ್ನನ್ನಾ, ಕೇಳ್ಕೊಂಡು ಬಾ ಅಂತ. ಭೀಷ್ಮರು ಧರ್ಮ ಸೂಕ್ಷ್ಮ ಅಂತ ನುಣುಚಿಕೊಂಡರು. ಅವಳ ಪರ ಬಾಯಿಬಿಟ್ಟ ವಿಕರ್ಣ ದುರ್ಯೋಧನನ ತಮ್ಮ. ಧೃತರಾಷ್ಟ್ರ ವರ ಕೊಟ್ಟಾಗ ಮೊದಲು ಧರ್ಮರಾಯನನ್ನು ಬಿಡಿಸಿದಳು. ಯಾಕೆ? ಮಗ ಪ್ರತಿವಿಂಧ್ಯನನ್ನು ಯಾರೂ ದಾಸನ ಮಗ ಅನ್ನಬಾರದು ಅಂತ. ಎರಡನೆಯದರಲ್ಲಿ ಉಳಿದ ನಾಲ್ವರು, ರಥ ಬಿಲ್ಲುಗಳ ಸಮೇತ. ಮೂರನೆಯದು ಕೊಡ್ತೀನಿ ಅಂದ್ರೂ ಬೇಡ ಅಂದಳು, ಕ್ಷತ್ರಿಯ ಹೆಂಗಸಿಗೆ ಎರಡೇ ವರ ಅಂತ. ಮುಳುಗುತ್ತಿದ್ದ ಪಾಂಡವರಿಗೆ ದೋಣಿಯಾದಳು ಅಂತ ಕರ್ಣನೇ ಹೇಳಬೇಕಾಯ್ತು. ಅದೇ ಹೆಂಗಸು ಕಾಡಿಗೆ ಹೋದ ಮೇಲೆ, ನಿಮಗೆ ಸಿಟ್ಟೇ ಬರಲ್ವಾ ಅಂತ ಗಂಡನನ್ನು ತರಾಟೆಗೆ ತಗೊಂಡಳು. ಅವಳಿಗೆ ಲೆಕ್ಕವೂ ಗೊತ್ತಿತ್ತು, ಹಟವೂ ಇತ್ತು, ಸೇಡೂ ಬೇಕಿತ್ತು. ನಿಮ್ಮ ಚಿತ್ರದಲ್ಲಿ ಬರೀ ಕೂದಲಿದೆ.

ಗುಂಪು ಗಪ್‌ಚಿಪ್. ಯಾರೋ ಒಬ್ಬರು 👍 ಒತ್ತಿ ತಕ್ಷಣ ತೆಗೆದರು.

ಚಿಕ್ಕಪ್ಪ: ಅಕ್ಕ ನಗುವವರ ಪರ ವಹಿಸೋದು ಸಹಜ. ನನ್ನ ಮದುವೇಲಿ ಛತ್ರದ ಪಂಕ್ತಿ ಮಧ್ಯೆ ಸಾರಿನ ಮೇಲೆ ಕಾಲಿಟ್ಟು ಜಾರಿ ಬಿದ್ದೆನಲ್ಲ, ಜರಿ ಪಂಚೆ ಸಮೇತ? ಬೀಗರ ಮುಂದೆ ನಕ್ಕವಳು ಇವಳೇ. ನಾನು ಮರೆತಿಲ್ಲ.

ಅತ್ತೆ: ಇಡೀ ಪಂಕ್ತಿ ನಕ್ಕಿತ್ತು ಕಣೋ. ನಿನಗೆ ನೆನಪಿರೋದು ನಾನೊಬ್ಬಳೇ. ಮೊದಲು ನಕ್ಕಿದ್ದು ಅಣ್ಣ.

ಪುಟ್ಟಕ್ಕ: ಹೌದು ಹೌದು, ನಾನು ಎದುರು ಎಲೆಯಲ್ಲೇ ಕೂತಿದ್ದೆ! ದೊಡ್ಡಪ್ಪನ ಬಾಯಿಂದ ಪಾಯಸ ಹೊರಗೆ ಬಂತು 😂

ಚಿಕ್ಕಪ್ಪ: ಅಣ್ಣಾ?

ದೊಡ್ಡಪ್ಪ ಟೈಪ್ ಮಾಡುತ್ತಲೇ ಇದ್ದರು. ನಿಲ್ಲಿಸಿದರು. ಮತ್ತೆ ಶುರು ಮಾಡಿದರು.

ದೊಡ್ಡಪ್ಪ: ನಾನು ನಕ್ಕಿಲ್ಲ. ಕೆಮ್ಮು ಬಂದಿತ್ತು.

ಭಾವ: ಸೋರ್ಸ್?