16ರ ಹುಡುಗನ ಕೈಲಿ ಡ್ರಗ್ಸ್ ಪೊಟ್ಟಣ ಸಾಗಿಸುತ್ತಿದ್ದಾರೆ, ಏನು ಮಾಡೋಣ?

ಸುಂಟಿಕೊಪ್ಪದಿಂದ ಕೇಳಿದ್ದು:
ಅಕ್ಕನ ಮಗ, ಪಿಯುಸಿ, ವಯಸ್ಸು 16. ಕತ್ತಲಾದ ಮೇಲೆ ಮನೆಗೆ ಬರುತ್ತಾನೆ. ಕೈಯಲ್ಲಿ ಹೊಸ ಫೋನ್ ಇದೆ, ನಾವು ಕೊಡಿಸಿದ್ದಲ್ಲ. ಕುಶಾಲನಗರದಲ್ಲಿ ಯಾರೋ ಪೊಟ್ಟಣ ಕೊಟ್ಟು ಹೋಂಸ್ಟೇಗಳಿಗೆ ಮುಟ್ಟಿಸಲು ಹೇಳುತ್ತಾರಂತೆ. ಪೊಲೀಸರ ಹತ್ತಿರ ಹೋದರೆ ಮಗನೇ ಒಳಗೆ ಹೋಗುತ್ತಾನೆ ಅಂತ ಭಾವನಿಗೆ ಭಯ. ಅನುಭವ ಇದ್ದವರು ಹೇಳಿ.

ವಿರಾಜಪೇಟೆ ಕಡೆಯ ಒಬ್ಬರು:
ನನ್ನ ತಮ್ಮನ ಮಗನಿಗೂ ಹೀಗೇ ಆಯಿತು. ಮೊದಮೊದಲು ಎಲ್ಲಾ ಬಿಟ್ಟಿ. ಬೈಕಿನಲ್ಲಿ ಸುತ್ತಾಟ, ಊಟ, ಗಾಂಜಾ. ಆಮೇಲೆ ಒಂದು ದಿನ ಪೊಟ್ಟಣ ಕಳೆದುಹೋಯಿತು, ದುಡ್ಡು ಕಟ್ಟು ಅಂದರು. ಕದ್ದವರೂ ಅವರ ಕಡೆಯವರೇ! ಆ ಸಾಲ ತೀರಿಸುವ ನೆಪದಲ್ಲೇ ಓಡಾಡಿಸಿದರು. ಅದಕ್ಕೇ ಹುಡುಗನನ್ನು ‘ಯಾಕೆ ಹೋಗ್ತೀಯಾ’ ಅಂತ ಗದರಬೇಡಿ. ‘ಅವರಿಗೆ ಏನಾದ್ರೂ ಕೊಡೋದಿದೆಯಾ’ ಅಂತ ಕೇಳಿ. ನಮ್ಮ ಹುಡುಗ ಬಾಯಿ ಬಿಟ್ಟಿದ್ದು ಆ ಒಂದು ಮಾತಿಗೆ. ನೀವು ಮಾತ್ರ ಆ ದುಡ್ಡು ಕಟ್ಟಬೇಡಿ. ಒಂದು ಸಾಲ ತೀರಿದರೆ ಇನ್ನೊಂದು ಹುಟ್ಟಿಸುತ್ತಾರೆ. ಅವನ ಯುಪಿಐ, ಬ್ಯಾಂಕ್ ಖಾತೆಯನ್ನೂ ನೋಡಿ. ಗುರುತಿಲ್ಲದವರ ದುಡ್ಡು ಬಂದು ಹೋಗುತ್ತಿರಬಹುದು.

ಮಡಿಕೇರಿಯಿಂದ, ಮಕ್ಕಳ ಕೇಸುಗಳಲ್ಲಿ ಓಡಾಡುವವರು:
ಭಾವನಿಗೆ ಇದನ್ನು ಓದಿ ಹೇಳಿ. 2015ರ ಬಾಲನ್ಯಾಯ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ, 18 ತುಂಬದವರ ಕೈಲಿ ಡ್ರಗ್ಸ್ ಸಾಗಿಸಿದವರಿಗೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ. ಹುಡುಗ ಸಿಕ್ಕಿಬಿದ್ದರೂ ಅವನನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಅವನನ್ನು ಹಾಜರುಪಡಿಸುವುದು ಬಾಲನ್ಯಾಯ ಮಂಡಳಿಯ ಮುಂದೆ. ಸುಮ್ಮನಿದ್ದು ಅವನು 18 ತುಂಬಿದ ಮೇಲೂ ಸಾಗಿಸಿ ಸಿಕ್ಕಿಬಿದ್ದರೆ ಈ ರಕ್ಷಣೆ ಇರುವುದಿಲ್ಲ, ಅದು ನನಗೆ ಜಾಸ್ತಿ ಭಯ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಮುಟ್ಟಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ವಕೀಲರು ಉಚಿತ. ಸ್ಟೇಷನ್ನಿಗೆ ಹೋಗುವುದಿದ್ದರೆ ಅವರನ್ನು ಜೊತೆಗೆ ಕರೆದುಕೊಳ್ಳಿ. ಫೋನಿನ ಮೆಸೇಜು ಅಳಿಸಬೇಡಿ. ಮನೆಯಲ್ಲಿ ಪೊಟ್ಟಣ ಸಿಕ್ಕರೆ ವಾಪಸ್ ಕೊಟ್ಟು ಬಾ ಅಂತ ಅವನನ್ನು ಕಳಿಸಲೇಬೇಡಿ. ಬೆದರಿಕೆ ಬಂದರೆ ಕೂಡಲೇ 112.

ಗೋಣಿಕೊಪ್ಪದಿಂದ:
ಅವನೂ ಸೇದುತ್ತಿದ್ದರೆ 14446ಕ್ಕೆ ಮಾಡಿ, ವ್ಯಸನ ಬಿಡಿಸುವ ಸಹಾಯವಾಣಿ. ನಮ್ಮ ಮನೆಯ ಹುಡುಗನನ್ನು ಆಪ್ತಸಮಾಲೋಚನೆ ಜೊತೆಗೆ ಸಂಜೆ ಹಾಕಿ ಆಟದ ಮೈದಾನಕ್ಕೆ ಕಳಿಸಿದೆವು. ಕೆಲವು ದಿನ ಚಿಕ್ಕಪ್ಪನೇ ಕರೆದುಕೊಂಡು ಹೋಗಿ ಬರುತ್ತಿದ್ದ. ಒಬ್ಬನೇ ಬಸ್‌ಸ್ಟ್ಯಾಂಡಿನಲ್ಲಿ ಸಿಗದಿದ್ದ ಮೇಲೆ ಅವರ ಕಾಟವೂ ಕಡಿಮೆಯಾಯಿತು.

ಸುಂಟಿಕೊಪ್ಪದಿಂದ ಮತ್ತೆ:
ಭಾವ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ 1098ಕ್ಕೆ ಮಾಡುತ್ತೇವೆ. ಸಾಲದ ವಿಷಯ ಅಕ್ಕನೇ ಇವತ್ತು ರಾತ್ರಿ ಕೇಳುತ್ತಾಳೆ.