ಈಜು ಬರಲ್ಲ, ಮುಂದಿನ ವಾರ ಬೋಸಿಯೆಟ್ (ಸಮುದ್ರದ ಪ್ಲಾಟ್‌ಫಾರ್ಮ್‌ಗೆ ಹೋಗುವವರ ಸುರಕ್ಷತಾ ತರಬೇತಿ). ಹೆಲಿಕಾಪ್ಟರ್ ಮುಳುಗಿಸುವ ತರಬೇತಿ ಪಾಸ್ ಆಗ್ತೀನಾ?

ಹೊಸಬ:
ನಾನು ಎಲೆಕ್ಟ್ರಿಷಿಯನ್. ಇಷ್ಟು ದಿನ ದಡದ ಮೇಲೇ ಕೆಲಸ. ಈಗ ಮೊದಲ ಸಲ ಸಮುದ್ರದ ತೈಲ ಪ್ಲಾಟ್‌ಫಾರ್ಮ್‌ಗೆ ಹೋಗುವ ಅವಕಾಶ ಬಂದಿದೆ, ಅದಕ್ಕೆ 3 ದಿನದ ಬೋಸಿಯೆಟ್ ಮುಗಿಸಬೇಕಂತೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಲೈಫ್‌ಬೋಟ್ ಎಲ್ಲ ಸರಿ. ಆದರೆ ಆ ಹ್ಯೂಯೆಟ್ ಇದೆಯಲ್ಲ, ಹೆಲಿಕಾಪ್ಟರ್ ತರಹದ ಡಬ್ಬದಲ್ಲಿ ಕೂರಿಸಿ ಬೆಲ್ಟ್ ಕಟ್ಟಿ ಈಜುಕೊಳಕ್ಕೆ ಇಳಿಸಿ ತಲೆಕೆಳಗು ಮಾಡುವುದು, ಅದರ ವಿಡಿಯೊ ನೋಡಿದ ಮೇಲೆ ನಿದ್ದೆನೇ ಹಾರಿಹೋಗಿದೆ. ನನಗೆ ಈಜು ಬರುವುದಿಲ್ಲ. ಫೇಲ್ ಮಾಡ್ತಾರಾ?

ಹಳೇ ರಿಗ್ಗರ್:
ನನಗೂ ಈಜು ಅಷ್ಟಕ್ಕಷ್ಟೇ, ಆದರೂ ಮೂರು ಸಲ ಮುಗಿಸಿದ್ದೇನೆ. ಈಜು ಬರುವವರೇ ಅಲ್ಲಿ ಜಾಸ್ತಿ ಎಡವುತ್ತಾರೆ, ಯಾಕೆಂದರೆ ನೀರು ಮುಖಕ್ಕೆ ಬಂದ ತಕ್ಷಣ ಬೆಲ್ಟ್ ಬಿಚ್ಚಿ ಹೊರಡುತ್ತಾರೆ. ನಾನು ಮೊದಲ ಸಲ ಮಾಡಿದ್ದೂ ಅದೇ. ಡಬ್ಬ ಇನ್ನೂ ಉರುಳುತ್ತಿತ್ತು, ನಾನು ಬಕಲ್ ತಿರುಗಿಸಿಬಿಟ್ಟೆ. ಸೀಟಿನಿಂದ ತೇಲಿ ಹೋಗಿ ತಲೆ ಎಲ್ಲಿಗೋ ಬಡಿಯಿತು. ಅದು ಚಾವಣಿ ಅಂದುಕೊಂಡೆ, ನೋಡಿದರೆ ನೆಲ! ಕಿಟಕಿ ಎತ್ತ ಕಡೆ ಅಂತ ಗೊತ್ತೇ ಆಗಲಿಲ್ಲ. ಡೈವರ್ ಬಂದು ತೋಳು ಹಿಡಿದು ಎಳೆದುಕೊಂಡು ಹೋದರು.

ಎರಡನೇ ಸಲ ಹೇಳಿದ ಹಾಗೆ ಮಾಡಿದೆ. ಒಂದು ಕೈ ಕಿಟಕಿಯ ಅಂಚಿಗೆ, ಇನ್ನೊಂದು ಬಕಲ್ ಮೇಲೆ. ಪೂರ್ತಿ ಉರುಳಿ ಅಲುಗಾಟ ನಿಲ್ಲುವ ತನಕ ಸುಮ್ನೆ ಕೂತಿರಬೇಕು. ಆಮೇಲೆ ಕಿಟಕಿ ತಳ್ಳಿ, ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬೆಲ್ಟ್ ಬಿಚ್ಚಿ, ಆ ಕೈಯ ಹಿಂದೆಯೇ ಮೈಯನ್ನು ಎಳೆದುಕೊಂಡು ಹೊರಗೆ ಬರುವುದು. ನೀವು ತಲೆಕೆಳಗಾದರೂ ಬಲಗಡೆಯ ಕಿಟಕಿ ನಿಮ್ಮ ಬಲಗಡೆಯೇ ಇರುತ್ತೆ, ಅಲ್ವಾ? ಕಣ್ಣನ್ನು ನಂಬಬೇಡಿ, ಕೈಯನ್ನು ನಂಬಿ. ಆದರೂ ಒಂದು ವಾರ ಇದೆ, ಹೋಗಿ ಸ್ವಲ್ಪ ಈಜು ಕಲಿಯಿರಿ.

ಕೊಳದ ಡೈವರ್:
ಒಂದು ವಾರದಲ್ಲಿ ಈಜು ಕಲಿಯುವುದೆಲ್ಲ ಆಗದ ಮಾತು, ಬೇಕಾಗಿಯೂ ಇಲ್ಲ. ಸೇರಿದ ತಕ್ಷಣ ತರಬೇತುದಾರರಿಗೆ ಈಜು ಬರಲ್ಲ ಅಂತ ಹೇಳಿಬಿಡಿ. ಮುಚ್ಚಿಟ್ಟವರೇ ನಮಗೆ ತಲೆನೋವು. ನೆಗಡಿ, ಕಿವಿ ನೋವು ಇದ್ದರೂ ಹೇಳಿ.

ಯಾಕೆ ತಲೆಕೆಳಗು ಮಾಡುತ್ತಾರೆ ಅಂದರೆ, ಎಂಜಿನ್, ಗೇರ್‌ಬಾಕ್ಸ್ ಎಲ್ಲ ಹೆಲಿಕಾಪ್ಟರಿನ ತಲೆ ಮೇಲಿರುತ್ತವೆ, ಅಲೆ ಇರುವ ಸಮುದ್ರದಲ್ಲಿ ಇಳಿದರೆ ಅದು ಸುಲಭವಾಗಿ ಮಗುಚಿಕೊಳ್ಳುತ್ತೆ. ಲೈಫ್‌ಜಾಕೆಟ್ ಒಳಗಡೆ ಉಬ್ಬಿಸಲೇಬೇಡಿ, ಅದು ನಿಮ್ಮನ್ನು ಮೇಲಕ್ಕೆ ಒತ್ತಿ ಹಿಡಿಯುತ್ತೆ, ಕಿಟಕಿ ಕೆಳಗಿರುತ್ತೆ. ಒತ್ತಡದ ಗಾಳಿ ತುಂಬಿದ ಪುಟ್ಟ ಸಿಲಿಂಡರ್ ಕೊಟ್ಟರೆ ಒಂದು ಮಾತು ನೆನಪಿಡಿ: ಅದರಿಂದ ಉಸಿರು ತೆಗೆದುಕೊಂಡ ಮೇಲೆ ಮೇಲಕ್ಕೆ ಬರುವಾಗ ಉಸಿರು ಕಟ್ಟಬಾರದು, ಬಿಡುತ್ತಲೇ ಬರಬೇಕು. ನೀರಿನ ಒತ್ತಡ ಕಡಿಮೆಯಾದ ಹಾಗೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು.

ಕಂಟ್ರೋಲ್ ರೂಮ್:
ಎಲ್ಲರೂ ಹ್ಯೂಯೆಟ್ ಬಗ್ಗೆಯೇ ಕೇಳ್ತಾರೆ. ಗುರೂ, ಹೊಗೆ ತುಂಬಿದ ಕತ್ತಲ ಕೋಣೆಯಿಂದ ಹೊರಗೆ ಬರುವ ಪಾಠ ಅದಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಅನ್ನುವ ತೈಲ ಪ್ಲಾಟ್‌ಫಾರ್ಮ್‌ಗೆ ಬೆಂಕಿ ಬಿದ್ದು 167 ಜನ ಸತ್ತರು. ಅದರಲ್ಲಿ ತುಂಬಾ ಜನ ವಸತಿ ಬ್ಲಾಕ್‌ನಲ್ಲೇ ಹೊಗೆ ಕುಡಿದು ಹೋದವರು. ಕತ್ತಲಲ್ಲಿ ತಡಕುವಾಗ ಅಂಗೈ ಅಲ್ಲ, ಕೈಯ ಹಿಂಭಾಗವನ್ನು ಗೋಡೆಗೆ ಸವರಿಕೊಂಡು ಹೋಗಲು ಕಲಿಸುತ್ತಾರೆ. ಯಾಕೆ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾ? ಕರೆಂಟ್ ಇರುವ ವೈರ್ ತಾಗಿದರೆ ಬೆರಳು ಮುಷ್ಟಿ ಕಟ್ಟಿ ಅದನ್ನೇ ಹಿಡಿದುಕೊಳ್ಳಬಾರದಲ್ಲ. ಪ್ಲಾಟ್‌ಫಾರ್ಮ್ ತಲುಪಿದ ಮೊದಲ ರಾತ್ರಿಯೇ ನಿಮ್ಮ ಕ್ಯಾಬಿನ್‌ನಿಂದ ಲೈಫ್‌ಬೋಟ್ ತನಕ ನಡೆದು, ಎಷ್ಟು ಬಾಗಿಲು ಅಂತ ಎಣಿಸಿಕೊಳ್ಳಿ.

ಹೊಸಬ:
ಮುಗೀತು, ಪಾಸ್! ಮೊದಲ ಸಲ ತಲೆಕೆಳಗು ಮಾಡದೆ ಮುಳುಗಿಸಿದಾಗಲೇ ಕೈಕಾಲು ನಡುಗಿತು. ತಲೆಕೆಳಗಾದಾಗ ಮೂಗಿಗೆ ನೀರು ನುಗ್ಗಿ ಹಣೆಯವರೆಗೂ ಉರಿ, ಆದರೂ ಅಂಚು ಬಿಡಲಿಲ್ಲ. ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅಂದರೆ, ಹೊರಗೆ ಬಂದ ಮೇಲೂ ಡೈವರೇ ನನ್ನ ಬೆರಳು ಬಿಡಿಸಬೇಕಾಯಿತು. ಸರ್ಟಿಫಿಕೇಟ್ 4 ವರ್ಷಕ್ಕಂತೆ. ಅಷ್ಟರಲ್ಲಿ ಈಜು ಕಲಿತೀನಿ ರಿಗ್ಗರ್ ಅಣ್ಣಾ.