ಓದುಗರ ಸ್ಪಂದನ: ಮನಸ್ಸು ಒಪ್ಪಿದವರಿಗೆ ಓಟೋ, ಇದ್ದುದರಲ್ಲಿ ವಾಸಿ ಅನ್ನಿಸಿದವರಿಗೋ?

ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ಖಾಸಗಿ ಶಾಲೆಯ ಶಿಕ್ಷಕಿಯೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಅವರ ಕ್ಷೇತ್ರದಲ್ಲಿ ಗೆಲ್ಲುವಂಥವರು ಇಬ್ಬರೇ. ಒಬ್ಬರು ಚೆನ್ನಾಗಿ ದುಡ್ಡು ಮಾಡಿದ್ದಾರೆ ಅಂತ ಊರೆಲ್ಲ ಮಾತಾಡುತ್ತದೆ. ಇನ್ನೊಬ್ಬರು ಬಾಯಿ ತೆರೆದರೆ ಜನರ ನಡುವೆ ಬೆಂಕಿ ಹಚ್ಚುತ್ತಾರೆ. ಮೂರನೆಯವರು ಸಣ್ಣ ಪಕ್ಷದವರು, ಕೈ ಶುದ್ಧ. ಆದರೆ ಠೇವಣಿ ಉಳಿಯುವುದೂ ಅನುಮಾನ. ‘ಮೂರನೆಯವರಿಗೆ ಹಾಕ್ತೀನಿ ಅಂದರೆ ಯಜಮಾನರು, ಮಾವ ಇಬ್ಬರೂ ಬೈತಾರೆ. ನಿನ್ನಂಥವರಿಂದಲೇ ಆ ಬೆಂಕಿ ಹಚ್ಚೋನು ಗೆಲ್ಲೋದು ಅಂತಾರೆ. ಒಪ್ಪದವರಿಗೆ ಹಾಕಿ ಬಂದರೆ ನನಗೆ ನಿದ್ದೆ ಬರಲ್ಲ. ಏನು ಮಾಡಲಿ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹೆಸರು ಬೇಡ ಅಂದವರೇ ಜಾಸ್ತಿ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಕಾಫಿ ಬೆಳೆಗಾರ, ಬಾಳೆಹೊನ್ನೂರು

ಮೇಡಂ, ನಿಮ್ಮ ಮಾವ ಹೇಳಿದ್ದೇ ಸರಿ. ನಮ್ಮ ಶೃಂಗೇರಿ ಕ್ಷೇತ್ರದ 2023ರ ಲೆಕ್ಕ ನೋಡಿ. ಲಕ್ಷಕ್ಕೂ ಮೇಲೆ ಓಟು ಬಿದ್ದ ಕಡೆ ಅಂದು ಘೋಷಣೆಯಾದ ಅಂತರ ಬರೀ 201. ಒಂದು ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂರುವಷ್ಟು ಜನ. ಆಮೇಲೆ ಅದು ಕೋರ್ಟಿಗೂ ಹೋಯಿತು, ಆ ಕಥೆ ಬೇರೆ.

ದುಡ್ಡು ತಿಂದವನು ರಸ್ತೆ ಕೆಡಿಸುತ್ತಾನೆ. ಇನ್ನೊಬ್ಬ ಬಂದು ಆ ರಸ್ತೆ ಮತ್ತೆ ಮಾಡಬಹುದು. ಊರಿನವರ ನಡುವೆ ಹಚ್ಚಿದ ಜಗಳ ಅಷ್ಟು ಸುಲಭಕ್ಕೆ ಆರುವುದಿಲ್ಲ. ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವ ಕಾಲಕ್ಕೆ ಎಲ್ಲ ಜಾತಿಯವರೂ ಧರ್ಮದವರೂ ಬರುತ್ತಾರೆ, ಅಸ್ಸಾಮಿನ ಕಡೆಯವರೂ ಇದ್ದಾರೆ. ಯಾರೋ ಭಾಷಣ ಮಾಡಿ ಹೋದ ಮಾರನೇ ದಿನ ಅವರಲ್ಲಿ ಅರ್ಧ ಜನ ಕೆಲಸಕ್ಕೆ ಬರಲು ಹೆದರಿದರೆ ಅದರ ನಷ್ಟ ಯಾರಿಗೆ? ಎರಡು ಕೆಟ್ಟದ್ದೂ ಒಂದೇ ತೂಕದ್ದಲ್ಲ. ಓಟು ಹಾಕಿ ಬಂದು ನಿದ್ದೆ ಬರದಿದ್ದರೆ ಒಂದು ರಾತ್ರಿ ಎಚ್ಚರವಾಗಿರಿ, ಪರವಾಗಿಲ್ಲ.

ನಿವೃತ್ತ ಅಂಚೆ ನೌಕರ, ಚಿಕ್ಕಮಗಳೂರು

ನೋಡಮ್ಮ, 1978ರ ನವೆಂಬರಿನಲ್ಲಿ ಇಲ್ಲಿ ಲೋಕಸಭೆಗೆ ಉಪಚುನಾವಣೆ ನಡೆದಾಗ ನನಗೆ ಓಟು ಇರಲಿಲ್ಲ. ಆಗ 21 ತುಂಬಬೇಕಿತ್ತು. ಓಟಿಲ್ಲದ ಹುಡುಗನಿಗೆ ಕೆಲಸ ಏನು? ಎಲ್ಲ ಪಕ್ಷದವರ ಭಾಷಣ ಕೇಳಿಕೊಂಡು ತಿರುಗಿದೆ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟು ಇಂದಿರಾ ಗಾಂಧಿ ನಿಂತಿದ್ದರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು, ಹಿಂದೆ ಮುಖ್ಯಮಂತ್ರಿ ಆಗಿದ್ದವರು. ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್’ (ಒಂದು ಹೆಣ್ಣು ಸಿಂಹ, ನೂರು ಮಂಗ) ಅನ್ನುವ ಘೋಷಣೆ ಹಿಂದಿಯ ಗಂಧ ಇಲ್ಲದವರ ಬಾಯಲ್ಲೂ ಓಡಾಡುತ್ತಿತ್ತು.

ನಮ್ಮ ಮನೆಯಲ್ಲಿ ಎರಡು ಗುಂಪು. ಚಿಕ್ಕಪ್ಪ ಓದಿಕೊಂಡವರು. ತುರ್ತು ಪರಿಸ್ಥಿತಿ ತಂದವರಿಗೆ ಓಟು ಹಾಕಿದರೆ ಮುಂದೆ ಓಟೇ ಇರುವುದಿಲ್ಲ ಎನ್ನುತ್ತಿದ್ದರು. ಅದು ಅವರ ತತ್ವ. ಅಜ್ಜಿಯ ತವರಿನವರು ಗೇಣಿದಾರರು. ಇಂದಿರಾ ಪಕ್ಷದ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಅವರು ಉಳುತ್ತಿದ್ದ ಗದ್ದೆ ಅವರ ಹೆಸರಿಗೇ ಆಗಿತ್ತು. ‘ಜೈಲಿಗೆ ಹೋಗಿದ್ದು ದೊಡ್ಡವರು, ಗದ್ದೆ ಸಿಕ್ಕಿದ್ದು ನಮಗೆ’ ಎನ್ನುತ್ತಿದ್ದರು. ಅದನ್ನು ತತ್ವ ಅಲ್ಲ ಅನ್ನೋಕಾಗುತ್ತಾ? ಹಬ್ಬಕ್ಕೆ ಸೇರಿದರೆ ಊಟಕ್ಕೆ ಮೊದಲೇ ಜಗಳ ಶುರು.

ಇಂದಿರಾ 70 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆಯೇ ಅವರನ್ನು ಹೊರಗೆ ಹಾಕಿತು, ಕೆಲವು ದಿನ ತಿಹಾರ್ ಜೈಲಿನಲ್ಲೂ ಇದ್ದರು. ಇನ್ನು ಮುಂದಿನದು ಕೇಳಿ. ಅವರನ್ನು ಇಲ್ಲಿ ಗೆಲ್ಲಿಸಲು ಓಡಾಡಿದ ಅರಸರು 1979ರಲ್ಲೇ ಅವರಿಂದ ದೂರವಾದರು. ಅವರನ್ನು ಸೋಲಿಸಲು ನಿಂತಿದ್ದ ಪಾಟೀಲರು ಮುಂದೆ ಅವರ ಪಕ್ಷಕ್ಕೇ ಸೇರಿ, 1989ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಮುಖ್ಯಮಂತ್ರಿಯಾದರು. ಸೀಟು ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ರಾಜಕೀಯದಲ್ಲಿ ಇದ್ದವರು ಓಡಾಡುತ್ತಾರೆ. ನಮ್ಮ ಚಿಕ್ಕಪ್ಪ, ಅಜ್ಜಿಯ ತವರಿನವರು ಮಾತ್ರ ಅದೇ ಜಗಳದಲ್ಲಿ ಎಷ್ಟೋ ವರ್ಷ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ಆದ್ದರಿಂದ ನಿಮ್ಮ ತತ್ವವನ್ನು ಯಾವ ಅಭ್ಯರ್ಥಿಯ ತಲೆ ಮೇಲೂ ಹೊರಿಸಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಈ ಐದು ವರ್ಷ ಏನು ಆಗಲೇಬೇಕು, ಏನು ಆಗಲೇಬಾರದು ಅಂತ ಯೋಚಿಸಿ. ಅದಕ್ಕೆ ಸರಿಹೊಂದುವವರಿಗೆ ಹಾಕಿ. ಮಾವನ ಹತ್ತಿರ ಮಾತ್ರ ಮಾತು ಬಿಡಬೇಡಿ.

ನಿವೃತ್ತ ಗಣಿತ ಮೇಷ್ಟ್ರು, ಅರಸೀಕೆರೆ

ಈ ಸಂಕಟ ಹುಟ್ಟುವುದು ನಾವು ಓಟು ಎಣಿಸುವ ರೀತಿಯಿಂದ. ವಿಧಾನಸಭೆ, ಲೋಕಸಭೆ ಎರಡರಲ್ಲೂ ಗೆಲ್ಲಲು ಅರ್ಧ ಓಟು ಬೇಕಿಲ್ಲ. ಎರಡನೆಯವರಿಗಿಂತ ಒಂದು ಜಾಸ್ತಿ ಬಂದರೆ ಸಾಕು. ಹಾಗಾಗಿ ಮೂರನೆಯವರು ಬಂದರೆ ಲೆಕ್ಕವೇ ಏರುಪೇರು. ಅಮೆರಿಕದವರಿಗೂ ಇದೇ ಪಾಡು. 2000ದ ಅಧ್ಯಕ್ಷರ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಗೆದ್ದ ಬುಷ್ ಮತ್ತು ಸೋತ ಗೋರ್ ನಡುವೆ ಇದ್ದ ಅಂತರ 537. ಮೂರನೆಯ ರಾಲ್ಫ್ ನೇಡರ್‌ಗೆ ಬಿದ್ದದ್ದು 97 ಸಾವಿರಕ್ಕೂ ಹೆಚ್ಚು. ಗೋರ್ ಕಡೆಯವರು ಇವತ್ತಿಗೂ ನೇಡರ್‌ನನ್ನು ಬೈಯುತ್ತಾರೆ. ಆದರೆ ನೇಡರ್ ನಿಲ್ಲದಿದ್ದರೆ ಅವರಿಗೆ ಹಾಕಿದವರೆಲ್ಲ ಗೋರ್‌ಗೇ ಹಾಕುತ್ತಿದ್ದರು ಅಂತ ಹೇಳುವುದು ಹೇಗೆ? ಎಷ್ಟೋ ಜನ ಮನೆಯಲ್ಲೇ ಇರುತ್ತಿದ್ದರು. ನಿಮ್ಮ ಯಜಮಾನರು ‘ನಿನ್ನಿಂದಲೇ’ ಅನ್ನುವಾಗ ನಿಮ್ಮ ಓಟು ಮೊದಲೇ ಅವರ ಕಡೆಯದು ಅಂತ ಲೆಕ್ಕ ಹಾಕಿಕೊಂಡಿದ್ದಾರೆ. ಅದು ತಪ್ಪು ಲೆಕ್ಕ.

ಇನ್ನೊಂದು ರೀತಿಯ ಎಣಿಕೆ ನಮ್ಮ ಜಿಲ್ಲೆಯಲ್ಲೇ ಇದೆ. ಮೇಷ್ಟ್ರುಗಳಿಗೆ ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಹಾಸನ, ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳು ಸೇರುತ್ತವೆ. ಅಲ್ಲಿ ಯಂತ್ರ ಇಲ್ಲ, ಮತಪತ್ರ. ಇಷ್ಟವಾದವರ ಹೆಸರಿನ ಮುಂದೆ 1 ಅಂತ ಬರೆಯಬೇಕು. ಅವರು ಆಗದಿದ್ದರೆ ಇವರಾದರೂ ಆಗಲಿ ಅನ್ನುವವರ ಮುಂದೆ 2. ಬೇಕಾದರೆ 3, 4. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ ಯಾರ ಹೆಸರಿನ ಮುಂದೆ 2 ಇದೆಯೋ ಅವರಿಗೆ ಹಂಚುತ್ತಾರೆ. ಹೀಗೆ ಮುಂದುವರಿಯುತ್ತದೆ. ಎಣಿಕೆ ನಡುರಾತ್ರಿ ದಾಟುವುದೂ ಉಂಟು. ಆದರೆ ಇಲ್ಲಿ ನೀವು ಮೂರನೆಯವರಿಗೆ 1 ಕೊಟ್ಟು, ಇಬ್ಬರಲ್ಲಿ ವಾಸಿ ಅನ್ನಿಸಿದವರಿಗೆ 2 ಕೊಡಬಹುದು. ನಿದ್ದೆಯೂ ಬರುತ್ತದೆ, ಮಾವನೂ ಬೈಯುವುದಿಲ್ಲ. ಅಂದ ಹಾಗೆ, ನೀವು ಹೈಸ್ಕೂಲಿನಲ್ಲಿ ಅಥವಾ ಅದಕ್ಕೂ ಮೇಲಿನ ತರಗತಿಗಳಿಗೆ ಪಾಠ ಮಾಡುವವರಾಗಿದ್ದು, ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಕೆಲಸ ಮಾಡಿದ್ದರೆ ಈ ಪಟ್ಟಿಗೆ ಹೆಸರು ಸೇರಿಸಬಹುದು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿಗೆ ತಾನಾಗಿ ಬರುವುದಿಲ್ಲ, ಬೇರೆ ಅರ್ಜಿ ಹಾಕಬೇಕು. ಸೇರಿಸದೆ ಬಿಟ್ಟವರು ನನ್ನ ಸಹೋದ್ಯೋಗಿಗಳಲ್ಲೇ ಎಷ್ಟೋ ಜನ ಇದ್ದರು.

ವಿಧಾನಸಭೆಗೆ ಈ ಸೌಲಭ್ಯ ಇಲ್ಲವಲ್ಲ, ಏನು ಮಾಡೋದು? ನಿಮ್ಮ ಕ್ಷೇತ್ರದ ಹಿಂದಿನ ಎರಡು ಮೂರು ಫಲಿತಾಂಶ ತೆಗೆದು ನೋಡಿ. ಮತಗಟ್ಟೆವಾರು ಓಟಿನ ಲೆಕ್ಕ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಅಂತರ ಇಪ್ಪತ್ತು, ಮೂವತ್ತು ಸಾವಿರ ಇದ್ದರೆ ನಿಮ್ಮ ಮನಸ್ಸಿಗೆ ಬಂದವರಿಗೆ ಧೈರ್ಯವಾಗಿ ಹಾಕಿ. ಕೆಲವೇ ನೂರು ಇದ್ದರೆ ಕುಳಿತು ಯೋಚಿಸಿ. 2023ರಲ್ಲಿ ಬೆಂಗಳೂರಿನ ಜಯನಗರ 16 ಓಟಿಗೆ ತೀರ್ಮಾನವಾಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟು. ಸೋತವರ ಕಾರಿನ ಡ್ರೈವರ್‌ಗೇ ಅಂದು ಓಟು ಹಾಕಲು ಬಿಡುವಾಗಲಿಲ್ಲ ಅಂತ ಜನ ಇನ್ನೂ ಹೇಳಿಕೊಂಡು ನಗುತ್ತಾರೆ. ಎಲ್ಲ ಕಡೆಗೂ, ಎಲ್ಲ ಚುನಾವಣೆಗೂ ಒಂದೇ ಉತ್ತರ ಇರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ.

ಪದವಿ ವಿದ್ಯಾರ್ಥಿನಿ, ಮೂಡಿಗೆರೆ ತಾಲ್ಲೂಕು

ಅಕ್ಕ, ಇದ್ದುದರಲ್ಲಿ ವಾಸಿ ಅನ್ನುತ್ತಾರಲ್ಲ, ಯಾರಿಗೆ ವಾಸಿ? ನಾನು ಹುಟ್ಟಿ ಬೆಳೆದದ್ದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ತೋಟದವರು ಕೊಡುವ ಸಾಲು ಮನೆಯಲ್ಲಿ. ನಮ್ಮವರು ಅಜ್ಜಿಯ ಕಾಲದಿಂದಲೂ ವಾಸಿ ಅನ್ನಿಸಿದವರಿಗೇ ಹಾಕಿಕೊಂಡು ಬಂದಿದ್ದಾರೆ. ಇವತ್ತಿಗೂ ಅಪ್ಪ ಅಮ್ಮ ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ನಿವೇಶನ ಕೊಡಿಸುತ್ತೇವೆ ಅಂತ ಎರಡೂ ಕಡೆಯವರು ಹೇಳುತ್ತಾರೆ, ಪ್ರತಿ ಸಲ ಹೇಳುತ್ತಾರೆ. ಭಾಷಣದಲ್ಲಿ ಕಚ್ಚಾಡಿದವರು ಸಂಜೆ ಒಂದೇ ಕ್ಲಬ್ಬಿನಲ್ಲಿ ಕೂತಿರುತ್ತಾರೆ. ಮೇಲಿನವರಿಗೆ ಇಬ್ಬರ ನಡುವೆ ದೊಡ್ಡ ವ್ಯತ್ಯಾಸ ಕಾಣಿಸಬಹುದು. ಕೆಳಗಿನಿಂದ ನೋಡಿದರೆ ಅಷ್ಟು ಕಾಣಿಸುವುದಿಲ್ಲ.

ಒಂದು ಸಲ ನಮ್ಮ ಲೈನಿನವರೂ ಪಕ್ಕದ ಹಳ್ಳಿಯವರೂ ಸೇರಿ ‘ರಸ್ತೆ ಇಲ್ಲ, ಓಟೂ ಇಲ್ಲ’ ಅಂತ ಬ್ಯಾನರ್ ಕಟ್ಟಿದರು. ಅಲ್ಲಿಯವರೆಗೆ ಈ ಕಡೆ ತಲೆ ಹಾಕದ ಅಧಿಕಾರಿಗಳು ಜೀಪಿನಲ್ಲಿ ಬಂದು ಕುಳಿತು ಟೀ ಕುಡಿದರು. ಚುನಾವಣೆ ಮುಗಿದ ಮೇಲೆ ಅರ್ಧ ರಸ್ತೆಗೆ ಜಲ್ಲಿ ಬಿತ್ತು. ಉಳಿದರ್ಧ ಈಗಲೂ ಕೆಸರೇ. ಬಹಿಷ್ಕಾರ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನೀವೊಬ್ಬರೇ ಸುಮ್ನೆ ಮೂರನೆಯವರಿಗೆ ಹಾಕಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಹಾಗೆ ಯೋಚಿಸುವ ನಲವತ್ತು ಮನೆ ಸೇರಿದರೆ ಎಲ್ಲ ಪಕ್ಷದವರಿಗೂ ಭಯ ಬರುತ್ತದೆ. ಗೆಲ್ಲುವ ಇಬ್ಬರನ್ನೂ ಕರೆದು ಪ್ರಶ್ನೆ ಕೇಳಬಹುದು. ನಮ್ಮ ರಾಜ್ಯಶಾಸ್ತ್ರದ ಮೇಡಂ ಶಾಂತವೇರಿ ಗೋಪಾಲಗೌಡರ ಬಗ್ಗೆ ಹೇಳುತ್ತಿದ್ದರು. 1952ರಲ್ಲಿ ಸಮಾಜವಾದಿ ಪಕ್ಷದಿಂದ ಸಾಗರದ ಕಡೆ ನಿಂತು ಗೆದ್ದವರು. ಓಟಿನ ಜೊತೆಗೆ ಒಂದು ನೋಟನ್ನೂ ಜನರಿಂದಲೇ ಕೇಳಿದವರು. ಆದರೆ ಅವರು ಗೆಲ್ಲುವ ಮೊದಲು ಕಾಗೋಡಿನ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಅವರ ಹಿಂದೆ ಜನ ಮೊದಲೇ ಇದ್ದರು ಅನ್ನುವುದನ್ನು ಮರೆಯಬಾರದು.

ಚುನಾವಣಾ ಕೆಲಸ ಮಾಡಿದ ಸರ್ಕಾರಿ ನೌಕರೆ, ಹಾಸನ

ನೋಟಾ (ಮೇಲಿನ ಯಾರೂ ಬೇಡ) ಒತ್ತಿ ಅಂತ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದರ ಬಗ್ಗೆ ಎರಡು ಮಾತು. ಮೊದಲು ಯಾರಿಗೂ ಹಾಕಲ್ಲ ಅನ್ನುವವರು ಮತಗಟ್ಟೆ ಅಧಿಕಾರಿಗೆ ಬಾಯಿ ಬಿಟ್ಟು ಹೇಳಿ, ರಿಜಿಸ್ಟರಿನಲ್ಲಿ ಬರೆಸಿ ಸಹಿ ಮಾಡಬೇಕಿತ್ತು. ನಿಯಮ 49-ಓ ಅಂತ. ಅಲ್ಲೇ ಕೂತ ಏಜೆಂಟರೆಲ್ಲ ಕೇಳಿಸಿಕೊಳ್ಳುತ್ತಿದ್ದರು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಯಂತ್ರದಲ್ಲೇ ಗುಂಡಿ ಬಂತು, ಗುಟ್ಟು ಉಳಿಯಿತು. ಅಷ್ಟೇ ಅದರ ಲಾಭ. ನೋಟಾಗೆ ಎಲ್ಲರಿಗಿಂತ ಹೆಚ್ಚು ಬಂದರೂ ಅದರ ನಂತರದ ಅಭ್ಯರ್ಥಿಯೇ ಗೆದ್ದ ಹಾಗೆ. 2024ರಲ್ಲಿ ಇಂದೋರಿನಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು. ಗೆದ್ದವರು ಹತ್ತು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು.

ನಿಮಗೆ ಮೂರನೆಯವರು ನಿಜವಾಗಿ ಇಷ್ಟ ಇದ್ದರೆ ಅವರಿಗೇ ಹಾಕಿ, ನೋಟಾ ಬೇಡ. ವಿಧಾನಸಭೆಗೆ ಸಾಮಾನ್ಯ ಅಭ್ಯರ್ಥಿಯ ಠೇವಣಿ 10,000 ರೂಪಾಯಿ. ಸಿಂಧುವಾದ ಓಟಿನಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಅದು ವಾಪಸ್ ಸಿಗುತ್ತದೆ. ಈ ಲೆಕ್ಕಕ್ಕೆ ನೋಟಾ ಬರುವುದೇ ಇಲ್ಲ. ಮೂರನೆಯವರಿಗೆ ಬಿದ್ದ ಓಟು ಅವರ ಹೆಸರಲ್ಲಿ ದಾಖಲೆಯಾಗಿ ಉಳಿಯುತ್ತದೆ, ಮುಂದಿನ ಸಲ ತೋರಿಸಿಕೊಳ್ಳಬಹುದು. ಹಾಗೆಯೇ, ‘ದುಡ್ಡು ಮಾಡಿದವರು’ ಅನ್ನುವುದನ್ನು ಊರಿನ ಬಾಯಿಗೆ ಬಿಡಬೇಡಿ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕೇಸು ಎಲ್ಲ ಇರುತ್ತದೆ. ಮೂವರದ್ದೂ ಓದಿ. ಮೂರನೆಯವರದ್ದನ್ನು ಇನ್ನೂ ಎರಡು ಸಲ ಓದಿ, ಯಾಕೆಂದರೆ ಅವರ ಬಗ್ಗೆ ಯಾರೂ ಮಾತಾಡಿರುವುದಿಲ್ಲ.

ಮನೆಯ ಜಗಳಕ್ಕೆ ಬರುತ್ತೇನೆ. ಓಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ನೋಡುವುದು ನೀವೊಬ್ಬರೇ. ಯಜಮಾನರು ಕೇಳಿದರೆ ‘ಆಯ್ತು ರೀ’ ಅನ್ನಿ, ಒಳಗೆ ಹೋಗಿ ನಿಮಗೆ ಬೇಕಾದ್ದು ಒತ್ತಿ. ಸುಳ್ಳಾಯಿತಲ್ವಾ ಅಂತೀರಾ? ಗುಟ್ಟಿನ ಮತದಾನ ಇರುವುದೇ ಹೆದರಿಸುವವರಿಂದ ಕಾಪಾಡಲು. ಹೆದರಿಸುವವರು ಮನೆಯಲ್ಲೂ ಇರಬಹುದು.

ಗ್ರಾಮ ಪಂಚಾಯ್ತಿ ಮಾಜಿ ಸದಸ್ಯ, ಕಡೂರು

ನಮ್ಮದು ಚಿಕ್ಕಮಗಳೂರು ಜಿಲ್ಲೆ, ಲೋಕಸಭೆಗೆ ಮಾತ್ರ ಹಾಸನ. ಎರಡೂ ಕಡೆಯ ರಾಜಕೀಯ ನೋಡುವ ಭಾಗ್ಯ ನಮಗಿದೆ.

ಎಲ್ಲರೂ ಓಟು ಹಾಕುವವರ ತತ್ವದ ಬಗ್ಗೆ ಬರೆಯುತ್ತಾರೆ. ಆ ಮೂರನೆಯವರನ್ನೂ ಸ್ವಲ್ಪ ವಿಚಾರಿಸಿ. ಅವರು ಹಿಂದಿನ ಐದು ವರ್ಷ ಎಲ್ಲಿದ್ದರು? ಸಣ್ಣ ಪಕ್ಷದವರು ಬೆಳೆಯಬೇಕಾದದ್ದು ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ನಡೆಸಿಕೊಂಡು ಹೋದರು. ಈ ಬಗ್ಗೆ ಅವರು ಒಂದು ಅರ್ಜಿಯಾದರೂ ಕೊಟ್ಟಿದ್ದಾರಾ? ಒಂದು ದಿನ ಧರಣಿಯಾದರೂ ಕೂತಿದ್ದಾರಾ? ಗೆದ್ದರೆ ಅದೇ ಪಕ್ಷದಲ್ಲಿ ಇರುತ್ತಾರಾ? 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದರು. ಅವರಲ್ಲಿ ಹೆಚ್ಚಿನವರು ಇನ್ನೊಂದು ಪಕ್ಷದ ಚಿಹ್ನೆ ಹಿಡಿದು ಮತ್ತೆ ನಿಂತು ಗೆದ್ದರು. ಅದನ್ನು ಕಂಡ ಮೇಲೆ ಕೈ ಶುದ್ಧ ಇದೆ ಅನ್ನುವುದೊಂದೇ ನನಗೆ ಸಾಲದು.

ಅವರನ್ನು ಮನೆಗೆ ಕರೆದು ಕಾಫಿ ಕೊಟ್ಟು ಇದನ್ನೆಲ್ಲ ಕೇಳಿ, ಮಾವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಐದು ವರ್ಷಕ್ಕೊಮ್ಮೆ ಕರಪತ್ರ ಹಂಚುವವರಾಗಿದ್ದರೆ ಮಾವನ ಮಾತನ್ನೇ ಕೇಳಿ. ಸೋತರೂ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತೇನೆ ಅಂದರೆ ನನಗೂ ಒಂದು ಮಾತು ತಿಳಿಸಿ. ಪ್ರಚಾರಕ್ಕೆ ಒಂದು ಭಾನುವಾರ ನಾನೂ ಬರುತ್ತೇನೆ.